ಪಟ್ಟಾಭಿರಾಮರ ಎರಡು ಸ್ಕೇಲು

ಬೇರೆಯವರು ಓದಿ ಹೇಳಿದ ಅಳತೆಯನ್ನು ಪಟ್ಟಾಭಿರಾಮರು ಜೀವಮಾನದಲ್ಲಿ ಒಪ್ಪಿದವರಲ್ಲ. ಬಾಗಿಲಿಗೆ ಪರದೆ ಹಾಕಿಸಲು ಹೆಂಡತಿ ಸೀತಮ್ಮ ಟೇಪು ಹಿಡಿದು ನಲವತ್ತೆರಡು ಇಂಚು ಎಂದರೂ ಸರಿ, ಊಟದ ತಟ್ಟೆ ಬಿಟ್ಟು ಎದ್ದು ಬಂದು ತಾವೇ ಇನ್ನೊಮ್ಮೆ ಅಳೆಯುವರು. "ಇನ್ನೊಬ್ರು ಹೇಳಿದ್ದು ಅಳತೆಯಲ್ಲ ಕಣಯ್ಯ, ವದಂತಿ" ಎಂದು ನನಗೆ ನೂರು ಸಲ ಹೇಳಿದ್ದಾರೆ. ನೂರು ಸಲವೂ ನನಗೆ ಸಿಟ್ಟು ಬಂದಿದೆ, ಏಕೆಂದರೆ ಸಾಮಾನ್ಯವಾಗಿ ಆ ಇನ್ನೊಬ್ಬ ನಾನೇ ಆಗಿರುತ್ತಿದ್ದೆ.

ನಾನು ರುದ್ರೇಶ. ಚಳ್ಳಕೆರೆ ಕಡೆಯವನು, ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷದಿಂದ ಪೀಣ್ಯದಲ್ಲಿ ಫೈಬರ್ ಕೆಲಸ ಮಾಡುತ್ತಿದ್ದೇನೆ. ಬಟ್ಟೆಯಂತಿರುವ ಕಾರ್ಬನ್ ಹಾಳೆಗೆ ರೆಸಿನ್ ಎಂಬ ಅಂಟು ಬಳಿದು, ಅಚ್ಚಿನೊಳಗೆ ಕೂರಿಸಿ, ಗಟ್ಟಿ ಮಾಡಿ ತೆಗೆಯುವುದು ನನ್ನ ಕಸುಬು. ಆ ಅಚ್ಚು ತಯಾರಾಗಬೇಕಾದರೆ ಅದಕ್ಕೂ ಮೊದಲು ಮರದಲ್ಲಿ ಒಂದು ಮೂಲರೂಪ ಬೇಕು. ಅದನ್ನು ಪ್ಯಾಟರ್ನ್ ಎನ್ನುತ್ತೇವೆ. ಪ್ಯಾಟರ್ನ್ ತಪ್ಪಾದರೆ ಅಚ್ಚು ತಪ್ಪು, ಅಚ್ಚು ತಪ್ಪಾದರೆ ಅದರಿಂದ ಹೊರಬರುವ ಪ್ರತಿಯೊಂದು ತುಂಡೂ ತಪ್ಪು. ಪಟ್ಟಾಭಿರಾಮರು ಪ್ಯಾಟರ್ನ್ ಮಾಡುವವರು. ಒಂದು ಸರಕಾರಿ ಕಾರ್ಖಾನೆಯ ಎರಕದ ವಿಭಾಗಕ್ಕೆ ಮೂವತ್ತನಾಲ್ಕು ವರ್ಷ ಪ್ಯಾಟರ್ನ್ ಮಾಡಿಕೊಟ್ಟವರು. ಆ ವಿಭಾಗವನ್ನೇ ಮುಚ್ಚಿದಾಗ ಇವರನ್ನು ಹೂವಿನ ಹಾರ ಹಾಕಿ ಮನೆಗೆ ಕಳಿಸಿದರು, ಇವರು ಮಾಡಿದ್ದ ಪ್ಯಾಟರ್ನುಗಳನ್ನು ಲಾರಿಗೆ ತುಂಬಿ ಸೌದೆಗೆ ಕಳಿಸಿದರು. ಎಲ್ಲ ತೇಗದವು. ಗೇಟಿನ ಹತ್ತಿರ ನಿಂತು ನೋಡಿದೆ ಎಂದಷ್ಟೇ ಅವರು ಹೇಳುತ್ತಿದ್ದರು.

ಆಮೇಲೆ ಐದು ವರ್ಷ ಬಾಗಲಗುಂಟೆಯ ಮನೆಯಲ್ಲಿ ಕೂತರು. ಕೂತರು ಅಂದರೆ ಬರೀ ಕೂತರು. ನನ್ನ ಮನೆ ಅವರ ಹಿಂದಿನ ಬೀದಿಯಲ್ಲಿರುವುದರಿಂದ ದಿನಾ ನೋಡುತ್ತಿದ್ದೆ. ಬೆಳಿಗ್ಗೆ ಏಳಕ್ಕೆಲ್ಲ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಜೇಬಿಗೊಂದು ಪೆನ್ಸಿಲ್ ಸಿಕ್ಕಿಸಿಕೊಂಡು, ಕಾರ್ಖಾನೆಯ ಬಸ್ಸು ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಬಾಗಿಲ ಮುಂದಿನ ಕಟ್ಟೆಯ ಮೇಲೆ ಹಾಜರು. "ಪೆನ್ಸಿಲ್ ಯಾಕೆ ಸಾರ್?" ಎಂದು ಒಮ್ಮೆ ಕೇಳಿದೆ. "ಜೇಬು ಖಾಲಿ ಇರ್ಬಾರ್ದು ಅಂತ" ಎಂದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಅವರನ್ನು ಆ ಕಟ್ಟೆಯಿಂದ ಎಬ್ಬಿಸಿದವನು ನಾನು. ಈ ಪುಣ್ಯದ ಕೆಲಸ ಮಾಡಿದ್ದಕ್ಕೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಆದದ್ದು ಇಷ್ಟು. ನಾನು ಕೆಲಸ ಮಾಡುವ ಶೆಡ್ಡಿನ ಯಜಮಾನ ಋಷಿಕೇಶ್. ವಿಮಾನದ ಬಿಡಿಭಾಗ ಮಾಡುವ ಕಂಪನಿಯ ನೌಕರಿ ಬಿಟ್ಟು ಕಾರು ಕಟ್ಟಲು ಬಂದ ಎಂಜಿನಿಯರು. ವಯಸ್ಸು ಮೂವತ್ತೊಂದು. ಕಟ್ಟುವುದು ರಸ್ತೆಗಿಳಿಯುವ ಕಾರಲ್ಲ. ಭಾನುವಾರ ಟ್ರ್ಯಾಕಿಗೆ ಹೋಗಿ ಇಪ್ಪತ್ತು ಸುತ್ತು ಹೊಡೆದು, ಉಳಿದ ಆರು ದಿನ ಅದರ ಬಗ್ಗೆಯೇ ಮಾತಾಡುವವರ ಕಾರು. ಬೈಕಿನ ಎಂಜಿನ್ನು, ಮೇಲೆ ಸೂರಿಲ್ಲ, ಎಸಿ ಇಲ್ಲ, ಬಾಗಿಲಿಲ್ಲ. ಒಟ್ಟು ತೂಕ ನಾನೂರ ಎಂಬತ್ತು ಕೆ.ಜಿ. "ಅಷ್ಟು ಬೆಲೆಗೆ ಒಂದು ಬಾಗ್ಲೂ ಕೊಡಲ್ವೇನ್ರೀ?" ಎಂದು ಸೀತಮ್ಮ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಇಷ್ಟು ಹಗುರ ಇದ್ದರೆ ವೇಗ ಸಿಗುತ್ತದೆ, ಹಿಡಿತ ತಪ್ಪುತ್ತದೆ. ಅದಕ್ಕೆ ಮದ್ದು ಕಾರಿನ ಹೊಟ್ಟೆಯ ಕೆಳಗಿರುತ್ತದೆ. ತುಮಕೂರು ರಸ್ತೆಯಲ್ಲಿ ಸ್ಕೂಟರ್ ಓಡಿಸಿದವರಿಗೆ ಇದು ಗೊತ್ತು: ಕಂಟೇನರ್ ಲಾರಿ ಪಕ್ಕದಲ್ಲೇ ನುಗ್ಗಿ ಹೋದರೆ ಸ್ಕೂಟರು ದೂರ ಸರಿಯುವ ಬದಲು ಲಾರಿಯ ಕಡೆಗೇ ಎಳೆದ ಹಾಗಾಗುತ್ತದೆ. ಇಕ್ಕಟ್ಟಿನಲ್ಲಿ ಗಾಳಿ ಜೋರಾಗಿ ಓಡಿದರೆ ಅಲ್ಲಿ ಒತ್ತಡ ಇಳಿದು ಎಳೆತ ಹುಟ್ಟುತ್ತದೆ. ಋಷಿಕೇಶ್ ಅದೇ ಎಳೆತವನ್ನು ಕಾರು ಮತ್ತು ರಸ್ತೆಯ ನಡುವೆ ತಂದಿದ್ದ. ಕಾರಿನ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಸುರಂಗ. ಮುಂದೆ ಅಗಲವಾದ ಬಾಯಿ, ನಡುವೆ ನೆಲಕ್ಕೆ ಹತ್ತಿರ ಬಾಗಿದ ಕುತ್ತಿಗೆ, ಹಿಂದೆ ಮತ್ತೆ ಮೇಲೇಳುವ ಬಾಲ. ಕುತ್ತಿಗೆಗೂ ರಸ್ತೆಗೂ ನಡುವಿನ ಸಂದು ನಲವತ್ತು ಮಿಲಿಮೀಟರ್. ಅಲ್ಲಿ ಗಾಳಿ ಓಡಿದಷ್ಟೂ ಕಾರು ನೆಲಕ್ಕೆ ಅಂಟುತ್ತದೆ. ಸಂದು ಹೆಚ್ಚಾದರೆ ಎಳೆತವಿಲ್ಲ, ತೀರಾ ಕಡಿಮೆಯಾದರೆ ಗಾಳಿಗೆ ಉಸಿರು ಕಟ್ಟಿ ಇದ್ದ ಎಳೆತವೂ ಒಮ್ಮೆಲೇ ಹೋಗುತ್ತದೆ.

ಈ ತಳದ ಪ್ಯಾಟರ್ನನ್ನು ಕಂಪ್ಯೂಟರ್ ಯಂತ್ರದಲ್ಲಿ ಕೊರೆಸುವುದು ಋಷಿಕೇಶನ ಯೋಚನೆಯಾಗಿತ್ತು. ಕೈಯಲ್ಲೇ ಮಾಡುವವರು ನಮ್ಮ ಬೀದಿಯಲ್ಲಿದ್ದಾರೆ ಎಂದು ಮೂಗು ತೂರಿಸಿದವನು ನಾನು. ಅವನು ಪಟ್ಟಾಭಿರಾಮರನ್ನು ಕರೆಸಿ ಒಂದು ಮಾತು ಕೊಟ್ಟ. "ಸಾರ್, ಮೊದಲ್ನೇ ಕಾರಿನ ಫ್ಲೋರ್ ನೀವು ಮಾಡಿ. ಟ್ರ್ಯಾಕಲ್ಲಿ ಸರಿಯಾಗಿ ಓಡಿದ್ರೆ ಈ ಮೂಲೆ ಬೆಂಚು ನಿಮ್ದು. ಮುಂದಿನ ಕಾರ್‌ಗಳದ್ದೂ ನೀವೇ. ಇಲ್ಲಾಂದ್ರೆ ಮಿಷೀನಿಗೆ ಹೋಗ್ತೀನಿ, ಬೇಜಾರ್ ಮಾಡ್ಕೋಬೇಡಿ." ಒಂದು ಕಾರು. ಓಡಿದರೆ ಬೆಂಚು, ಇಲ್ಲದಿದ್ದರೆ ಮತ್ತೆ ಕಟ್ಟೆ. ಆವತ್ತು ಮನೆಗೆ ಹೋಗುವಾಗ ಪಟ್ಟಾಭಿರಾಮರು ದಾರಿಯುದ್ದಕ್ಕೂ ಆ ಬೆಂಚಿನ ಎತ್ತರದ ಬಗ್ಗೆಯೇ ಮಾತಾಡಿದರು. ಎರಡಿಂಚು ತಗ್ಗಿಸಬೇಕಂತೆ.

ಮೊದಲ ದಿನವೇ ಜಗಳವಾಯಿತು. ಋಷಿಕೇಶ್ ಪ್ರತಿ ಅಡ್ಡಕೊಯ್ತದ ಚಿತ್ರವನ್ನೂ ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ತಂದಿದ್ದ. ಹಲಗೆಗೆ ಅಂಟಿಸಿ ಗೆರೆಯ ಮೇಲೆ ಕತ್ತರಿಸಿದರೆ ಮುಗಿಯಿತು. ಪಟ್ಟಾಭಿರಾಮರು ಆ ಸುರುಳಿಯನ್ನು ಬಿಚ್ಚಲೂ ಇಲ್ಲ. "ಕಾಗ್ದ ಥಂಡಿಗೆ ಉಬ್ಬುತ್ತೆ, ಬಿಸಿಲಿಗೆ ಸೊರಗುತ್ತೆ. ಅದನ್ನ ನಂಬ್ಕೊಂಡು ಮರ ಕುಯ್ಯಲ್ಲ ನಾನು. ಅಂಕಿ ಕೊಡಿ ಸಾಕು, ಅಳತೆ ನಾನು ಹಾಕ್ಕೋತೀನಿ" ಎಂದು ಡಬ್ಬಿಯಿಂದ ತಮ್ಮ ಅರವತ್ತು ಸೆಂಟಿಮೀಟರಿನ ಉಕ್ಕಿನ ಸ್ಕೇಲು ತೆಗೆದರು. ನಾನು ಅವರ ಪರ ವಹಿಸಿದೆ. ಋಷಿಕೇಶ್ ಕೈಚೆಲ್ಲಿ ಹೋದ.

ಒಂದೊಂದು ಸುರಂಗಕ್ಕೂ ಬೇರೆ ಪ್ಯಾಟರ್ನ್; ಮೊದಲು ಹಿಡಿದ ಬಲಭಾಗಕ್ಕೆ ಐದು ವಾರ ಬೇಕಾಯಿತು. ಉದ್ದ ಅಗಲಗಳಿಗೆ ಸ್ಕೇಲು ಬೇಕಿರಲಿಲ್ಲ, ಕಾರಿನ ಚೌಕಟ್ಟಿಗೇ ಹಲಗೆ ಆನಿಸಿ ಗುರುತು ಹಾಕಿಕೊಂಡರು. ಆಳ ಮಾತ್ರ ಸ್ಕೇಲಿನದು. ಮೇಲಿನ ಅಂಚಿನಿಂದ ಕುತ್ತಿಗೆಯವರೆಗೆ ಮುನ್ನೂರು ಮಿಲಿಮೀಟರ್. ಇಪ್ಪತ್ತೊಂದು ಕಡೆ ಆಳ ಅಳೆದು, ಅಡ್ಡ ಹಲಗೆ ನಿಲ್ಲಿಸಿ, ಮೇಲೆ ಪಟ್ಟಿ ಹೊದಿಸಿ, ಉಜ್ಜಿದರು. ಕಣ್ಣು ಮುಚ್ಚಿ ಅಂಗೈಯನ್ನು ಅದರ ಮೇಲೆ ನಿಧಾನವಾಗಿ ಎಳೆದು, ಎಲ್ಲೋ ನಿಂತು, ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದರು. ಅಲ್ಲಿ ನಾನು ಬೆರಳಾಡಿಸಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಆ ಐದು ವಾರದಲ್ಲಿ ಅವರ ಬೆನ್ನು ನೆಟ್ಟಗಾಗಿದ್ದನ್ನು ಬೀದಿಯ ಜನವೆಲ್ಲ ನೋಡಿದರು. ಸೀತಮ್ಮನಂತೂ ಬುತ್ತಿಗೆ ವಾರಕ್ಕೆರಡು ದಿನ ಹುಳಿಯವಲಕ್ಕಿ ಕಟ್ಟತೊಡಗಿದರು, ಕಾರ್ಖಾನೆಯ ಕಾಲದ ಪದ್ಧತಿಯಂತೆ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಪೀಣ್ಯದಲ್ಲಿ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಪಟ್ಟಾಭಿರಾಮರು ಆವತ್ತು ಮನೆಯಿಂದ ಇನ್ನೊಂದು ಸ್ಕೇಲನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದರು. ಅದು ಅವರ ಹಳೇ ಕಾರ್ಖಾನೆಯದು. ನೋಡಿದರೆ ಹೆಚ್ಚುಕಡಿಮೆ ಅದೇ ಉದ್ದ, ಅದೇ ಅಗಲ, ಅದೇ ಬೂದು ಉಕ್ಕು. ಆದರೆ ಅದು ಎರಕದವರ ಸ್ಕೇಲು. ಕರಗಿದ ಅಲ್ಯುಮಿನಿಯಂ ಆರುವಾಗ ಕುಗ್ಗುತ್ತದೆ, ಆದ್ದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಈ ಸ್ಕೇಲಿನ ಗೆರೆಗಳನ್ನೇ ಸ್ವಲ್ಪ ದೂರ ದೂರ ಕೊರೆದಿರುತ್ತಾರೆ. ಅದರಲ್ಲಿ ಮುನ್ನೂರು ಎಂದು ಓದಿದರೆ ನಿಜದಲ್ಲಿ ಮುನ್ನೂರ ನಾಲ್ಕು. ನಮ್ಮ ಫೈಬರ್ ಹೀಗೆ ಕುಗ್ಗುವುದಿಲ್ಲ, ಆದ್ದರಿಂದ ಆ ಸ್ಕೇಲಿಗೆ ನಮ್ಮಲ್ಲಿ ಕೆಲಸವೇ ಇಲ್ಲ.

"ಮತ್ತೆ ಯಾಕೆ ತಂದ್ರಿ ಸಾರ್?"

"ಮೂವತ್ನಾಲ್ಕು ವರ್ಷ ಅನ್ನ ಹಾಕಿದೆ ಕಣೋ ಅದು. ಪೂಜೆ ದಿನ ಮನೇಲಿ ಬಿಟ್ಟು ಬರ್ಲಾ?"

ಎರಡೂ ಬೆರೆಯದಿರಲಿ ಎಂದು ಎರಕದ ಸ್ಕೇಲಿನ ತುದಿಗೆ ಸೀತಮ್ಮನ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡಿಸಿದ್ದರು. ತುದಿಯಲ್ಲಿ ಕೊರೆದ ಅಕ್ಷರವೂ ಇದೆ, ಸಾಸಿವೆ ಕಾಳಿನಷ್ಟು ಚಿಕ್ಕದು, ಅರ್ಧ ಸವೆದದ್ದು. ಅರವತ್ತಮೂರರ ಕಣ್ಣಿಗೆ ಆ ಚುಕ್ಕೆಯೇ ಆಧಾರ.

ಹಬ್ಬದ ದಿನ ಹತಾರಗಳನ್ನು ತೊಳೆಯುವುದು ನನ್ನ ಪಾಲಿಗೆ ಬಂತು. ನಮ್ಮ ಶೆಡ್ಡಿನಲ್ಲಿ ತೊಳೆಯುವುದು ಎಂದರೆ ಅಸಿಟೋನ್. ಮೆತ್ತಿದ ರೆಸಿನ್ ಹೋಗುವುದು ಅದಕ್ಕೆ ಮಾತ್ರ. ಪಟ್ಟಾಭಿರಾಮರು ಮಾವಿನೆಲೆ ಕಟ್ಟುತ್ತಿದ್ದರು. ಅವರ ಡಬ್ಬಿಯನ್ನೂ ನಾನೇ ತೆರೆದು, ಉಳಿ, ಕೈಗರಗಸ, ಕಂಪಾಸು, ಎರಡೂ ಸ್ಕೇಲು, ಎಲ್ಲವನ್ನೂ ಫಳಫಳ ಒರೆಸಿಟ್ಟೆ. ಅಭಿಮಾನದಿಂದ ಮಾಡಿದ ಕೆಲಸ. ಬಟ್ಟೆಯಲ್ಲಿ ಒಂದು ಚೂರು ಕೆಂಪು ಮೆತ್ತಿಕೊಂಡದ್ದು ಕಾಣಿಸಿತು. ಕುಂಕುಮ ಅಂದುಕೊಂಡೆ. ಉಗುರುಬಣ್ಣ ಅಳಿಸಲು ಹೆಂಗಸರು ಬಳಸುವುದೂ ಅಸಿಟೋನನ್ನೇ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆ ಕ್ಷಣ ಹೊಳೆಯಲಿಲ್ಲ, ಅಷ್ಟೇ. ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಸಾಲಾಗಿ ಜೋಡಿಸಿ ಕೈಮುಗಿದೆವು. ಎರಡು ಸ್ಕೇಲಿನ ತುದಿಯಲ್ಲೂ ಈಗ ಕುಂಕುಮದ ಕೆಂಪೇ ಇತ್ತು. ಮಂಡಕ್ಕಿ, ಬಾಳೆಹಣ್ಣು ಹಂಚಿದೆವು. ಪೂಜೆ ಮುಗಿದ ಮೇಲೆ ಪಟ್ಟಾಭಿರಾಮರು ಒಂದು ಸ್ಕೇಲನ್ನು ಬೆಂಚಿನ ಮೇಲಿಟ್ಟು, ಇನ್ನೊಂದನ್ನು ಅದೇ ಪತ್ರಿಕೆಯಲ್ಲಿ ಸುತ್ತಿ ಮನೆಗೊಯ್ದರು.

ಹಬ್ಬದ ರಜೆ ಮುಗಿದ ಮಾರನೇ ದಿನದಿಂದ ಎಡಭಾಗದ ಕೆಲಸ ಶುರುವಾಯಿತು. ನವೆಂಬರಿನಲ್ಲಿ ಮುಗಿಯಿತು.

ಮುಗಿದ ಪ್ಯಾಟರ್ನನ್ನು ಇನ್ನೊಬ್ಬರು ಅಳೆದು ಸಹಿ ಮಾಡಬೇಕೆಂಬುದು ಋಷಿಕೇಶನ ನಿಯಮ. ಬಲಭಾಗವನ್ನು ಅಳೆದಾಗ ಪಟ್ಟಾಭಿರಾಮರು ನನ್ನ ಪಕ್ಕದಲ್ಲೇ ನಿಂತು ಪ್ರತಿ ಅಂಕಿಯನ್ನೂ ಮರಳಿ ಅಳೆದಿದ್ದರು. ಎಡಭಾಗ ಅಳೆಯುವ ದಿನ ಅವರು ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದರು. ಬೀರುವಿನಲ್ಲಿ ಬೇರೆ ಮಾಪಕ ಇತ್ತು. ಬೀಗದ ಕೈ ಹುಡುಕುವ ಸೋಮಾರಿತನಕ್ಕೆ ಬೆಂಚಿನ ಮೇಲಿದ್ದ ಸ್ಕೇಲನ್ನೇ ಎತ್ತಿಕೊಂಡೆ. ಇಪ್ಪತ್ತೊಂದು ಕಡೆ ಅಳೆದೆ. ಇಪ್ಪತ್ತೊಂದೂ ಕೂದಲೆಳೆ ತಪ್ಪದೆ ಸರಿಯಾಗಿದ್ದವು. ಮಾಡಿದ ಸ್ಕೇಲಿನಲ್ಲೇ ಅಳೆದರೆ ಇನ್ನೇನಾಗುತ್ತದೆ! ಸಹಿ ಹಾಕಿ, "ನೋಡಿ ಸಾರ್, ನಿಮ್ಮ ಕೈ ಅಂದ್ರೆ ಕೈ" ಎಂದು ಅವರಿಗೆ ಫೋನು ಮಾಡಿದೆ. "ಬಂದು ನಾನೊಂದ್ಸಲ ನೋಡ್ತೀನಿ ತಡಿ" ಎಂದರು. ಬಂದರು, ಅದೇ ಸ್ಕೇಲಿನಲ್ಲಿ ನೋಡಿದರು, ಹೌದು ಎಂದರು.

ಜನವರಿಯಲ್ಲಿ ಕಾರನ್ನು ತಮಿಳುನಾಡಿನ ಒಂದು ಟ್ರ್ಯಾಕಿಗೆ ಒಯ್ದೆವು. ಓಡಿಸುವವನು ವಿನಾಯಕ್. ರಾಣೆಬೆನ್ನೂರಿನ ಹುಡುಗ, ಬೈಕ್ ರೇಸಿನಲ್ಲಿ ಹೆಸರು ಮಾಡಿದವನು, ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಅಣ್ಣನ ಸಂಸಾರ ಮತ್ತು ತಾಯಿಯ ಜೊತೆ ಇದ್ದ. ಪಟ್ಟಾಭಿರಾಮರು ಇಸ್ತ್ರಿ ಶರ್ಟು ಹಾಕಿ, ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು ಬೇಲಿ ಹಿಡಿದು ನಿಂತರು. ಕಾರು ಮೊದಲ ಸಲ ಎದುರಿಗೆ ಹಾದುಹೋದಾಗ ಬಗ್ಗಿ ಅದರ ತಳದ ಕಡೆ ಕಣ್ಣು ಹಾಯಿಸಿದರು. ತಾವು ಮಾಡಿದ್ದು ಯಾವುದೂ ಕಾಣುವುದಿಲ್ಲ, ಎಲ್ಲ ಹೊಟ್ಟೆಯ ಕೆಳಗೆ. ಆದರೂ ಅದೇ ಆ ಕಾರನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಆರು ಸುತ್ತು ಮುಗಿಸಿ ಬಂದ ವಿನಾಯಕ್, "ಸಕ್ಕತ್ತಾಗಿದೆ ಗುರು. ಸ್ಪೀಡ್ ಜಾಸ್ತಿ ಆದ್ರೆ ಮಾತ್ರ ಸ್ವಲ್ಪ ಎಡಕ್ಕೆ ಎಳೀತಿದೆ" ಎಂದ. ಋಷಿಕೇಶ್ ಟೈರಿನ ಗಾಳಿ ನೋಡಿದ, ಚಕ್ರದ ಕೋನ ತಿದ್ದಿದ. ಎಲ್ಲ ನೋಡಿದ, ತಳ ಒಂದನ್ನು ಬಿಟ್ಟು. ಅದಕ್ಕೆ ನನ್ನ ಸಹಿ ಇತ್ತಲ್ಲ.

ಒಂಬತ್ತನೆಯ ಸುತ್ತಿನಲ್ಲಿ, ಬಲಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ, ಕಾರು ಎಡಕ್ಕೆ ವಾಲಿದ್ದೇ ತಡ ಹಿಡಿತ ಬಿಟ್ಟುಕೊಟ್ಟಿತು. ಎರಡು ಸಲ ಗಿರಕಿ ಹೊಡೆದು ಟೈರುಗಳ ಗೋಡೆಗೆ ಹೋಗಿ ಬಡಿಯಿತು. ವಿನಾಯಕನ ಕಾಲರ್ ಬೋನ್ ಮುರಿಯಿತು, ಬಲಗೈ ಮಣಿಕಟ್ಟು ಮೂರು ಕಡೆ ಒಡೆಯಿತು. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ "ನಂದೇ ತಪ್ಪು, ಬ್ರೇಕ್ ಲೇಟಾಯ್ತು" ಎಂದ. ಕಂಪ್ಯೂಟರಿನ ದಾಖಲೆ ನೋಡಿ ಋಷಿಕೇಶನೂ ಹಾಗೆಯೇ ಬರೆದುಕೊಂಡ.

ಕಾರನ್ನು ಮಗುಚಿ ಹಾಕಿದಾಗ ಪಟ್ಟಾಭಿರಾಮರು ಬಗ್ಗಿ ನೋಡಿದರು. ಎಡ ಸುರಂಗದ ಕುತ್ತಿಗೆ ರಸ್ತೆಗೆ ಉಜ್ಜಿ ಬೆಳ್ಳಗಾಗಿತ್ತು. ಬಲದ್ದು ಹೊಸದಾಗಿಯೇ ಇತ್ತು. "ಒಂದೇ ಕಡೆ ಯಾಕೆ ಉಜ್ಜಿದೆ?" ಎಂದು ಕೇಳಿದರು. ಜಾರುವಾಗ ಆಗಿರುತ್ತೆ ಬಿಡಿ ಸಾರ್, ಎಂದರು ಯಾರೋ. ವಾಪಸ್ ಬರುವಾಗ ವ್ಯಾನಿನಲ್ಲಿ ಬೆಂಗಳೂರಿನವರೆಗೂ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದರು.

ಮಾರನೇ ಬೆಳಿಗ್ಗೆ ನನ್ನ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಪತ್ರಿಕೆಯ ಸುರುಳಿ. "ಬಾ, ಶೆಡ್ಡಿಗೆ ಹೋಗೋಣ" ಎಂದರಷ್ಟೆ. ಶೆಡ್ಡಿನಲ್ಲಿ ಎರಡು ಸ್ಕೇಲನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು, ಒಂದು ತುದಿಯ ಗೆರೆಗಳನ್ನು ಕೂಡಿಸಿ, ಇನ್ನೊಂದು ತುದಿಗೆ ಬೆರಳು ತೋರಿಸಿದರು. ಅರವತ್ತರ ಗೆರೆಗಳ ನಡುವೆ ಎಂಟು ಮಿಲಿಮೀಟರ್ ಅಂತರವಿತ್ತು. ಮನೆಯಿಂದ ತಂದದ್ದು ಸರಿಯಾದ ಸ್ಕೇಲು. ಇಷ್ಟು ದಿನ ಬೆಂಚಿನ ಮೇಲಿದ್ದದ್ದು ಎರಕದ್ದು.

"ನಾಲ್ಕು ಮಿಲಿಮೀಟರ್ ಇಳಿದ್ಬಿಟ್ಟಿದೆ ಎಡಗಡೆ. ನಲ್ವತ್ತಿರೋ ಕಡೆ ಮೂವತ್ತಾರು. ತಿರುವಲ್ಲಿ ಆ ಕಡೆ ವಾಲಿದ್ದೇ ಗಾಳಿ ಕಟ್ಟಿ ಹಿಡಿತ ಹೋಗಿದೆ. ಆ ಮಗೂದೇನೂ ತಪ್ಪಿಲ್ಲ" ಎಂದರು. ಆಮೇಲೆ ಸ್ಕೇಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚುಕ್ಕೆ ಸವೆದೋಗಿದೆ ನೋಡು. ಸೀತಾ ಕೈಲಿ ಹೊಸ್ದಾಗಿ ಹಾಕಿಸ್ಬೇಕಿತ್ತು. ಅಕ್ಷರ ಇದ್ದೇ ಇದೆ, ಓದ್ಬೇಕಿತ್ತು. ಮೂವತ್ನಾಲ್ಕು ವರ್ಷ ಹಿಡಿದ ಸ್ಕೇಲು, ಕೈಗೆ ಗುರುತು ಸಿಕ್ಕಲಿಲ್ಲ ಅಂದ್ರೆ ಇದು ಎಂಥ ಕೈ!" ಎಂದರು.

ಸವೆದದ್ದಲ್ಲ, ಒರೆಸಿದ್ದು. ಒರೆಸಿದವನು ನಾನು. ಬಟ್ಟೆಯ ಮೇಲಿನ ಆ ಕೆಂಪು ಆಗ ನನ್ನ ಕಣ್ಣಿಗೆ ಕಟ್ಟಿತು. ಹೇಳಬೇಕಿತ್ತು. ಹೆದರಿದೆ. ಒಬ್ಬನ ಕೈ ಮುರಿದಿತ್ತು, ನನಗೆ ಕೆಲಸ ಬೇಕಿತ್ತು, ಸುಮ್ಮನಾದೆ.

ಯಾರಿಗೂ ಹೇಳದಿದ್ದರೂ ನಡೆಯುತ್ತಿತ್ತು. ತಪ್ಪು ಆಗಲೇ ವಿನಾಯಕನ ಹೆಸರಿಗೆ ಹೋಗಿಯಾಗಿತ್ತು, ಅವನೇ ಒಪ್ಪಿಕೊಂಡೂ ಆಗಿತ್ತು. ಪಟ್ಟಾಭಿರಾಮರ ಬೆಂಚು ಹಾಗೇ ಉಳಿಯುತ್ತಿತ್ತು. "ಸಾರ್, ಹೊಸಾ ಪ್ಯಾಟರ್ನ್ ಮಾಡಿ ಸುಮ್ನಿದ್ಬಿಡಿ" ಎಂದೆ. ಈ ಸಲಹೆ ಅವರ ಹಿತಕ್ಕೋ ನನ್ನ ಹಿತಕ್ಕೋ ಎಂದು ಕೇಳಬೇಡಿ. ಅವರು ನನ್ನನ್ನು ಗುರುತಿಲ್ಲದವನನ್ನು ನೋಡುವಂತೆ ನೋಡಿ, ಎರಡೂ ಸ್ಕೇಲು ಹಿಡಿದುಕೊಂಡು ಋಷಿಕೇಶನ ಟೇಬಲ್ಲಿಗೆ ಹೋದರು.

ಅವನು ಎಲ್ಲವನ್ನೂ ಕೇಳಿಸಿಕೊಂಡು, ಸಹಿಯಿದ್ದ ಹಾಳೆ ತೆಗೆದ. "ಚೆಕ್ ರುದ್ರೇಶ್ ಮಾಡಿದಾನಲ್ಲ?"

"ನನ್ನ ಸ್ಕೇಲಲ್ಲೇ ಮಾಡಿದಾನೆ, ಅವನಿಗೇನು ಗೊತ್ತು. ಬೆಂಚಿನ ಮೇಲೆ ಇಟ್ಟಿದ್ದು ನಾನು" ಎಂದರು ಪಟ್ಟಾಭಿರಾಮರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಋಷಿಕೇಶ್ ಕೂಗಾಡಿದ್ದರೆ ಚೆನ್ನಾಗಿತ್ತು. ಅವನ ಮುಖ ಅರಳಿತು. "ಅಂದ್ರೆ ರೈಟ್ ಸೈಡ್ ಪರ್ಫೆಕ್ಟ್! ನನ್ನ ಡಿಸೈನ್ ಸರಿಯಾಗೇ ಇದೆ! ಸಾರ್, ಇದನ್ನ ಹೇಳಿ ನೀವು ನನ್ನ ಉಳಿಸಿದ್ರಿ" ಎಂದು ಅವರ ಕೈ ಹಿಡಿದುಕೊಂಡ. ಕೆಟ್ಟವನಲ್ಲ. ಕೈ ಹಿಡಿದುಕೊಂಡೇ ಮುಂದಿನ ಮಾತನ್ನೂ ಆಡಿದ. "ಬಟ್, ಇನ್ಮೇಲೆ ಕೈಅಳತೆ ಬೇಡ ಸಾರ್. ನಿಮಗೆ ಅರ್ಥ ಆಗುತ್ತೆ ಅನ್ಕೋತೀನಿ." ಪಟ್ಟಾಭಿರಾಮರು ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

ತನ್ನ ಚಿತ್ರದಲ್ಲಿ ಇಲ್ಲದ ನಯ ಆ ಮರದಲ್ಲಿದೆ ಎಂದು ಋಷಿಕೇಶ್ ಒಪ್ಪಿದ್ದರಿಂದ, ಆ ವಾರವೇ ಬಲಭಾಗದ ಪ್ಯಾಟರ್ನನ್ನು ಸ್ಕ್ಯಾನ್ ಮಾಡಲು ಜನ ಬಂದರು. ಬೆಳಕು ಹಾಯಿಸಿ, ಒಂದು ತಾಸಿನಲ್ಲಿ ಅದನ್ನು ಕಂಪ್ಯೂಟರಿನೊಳಗೆ ತುಂಬಿಕೊಂಡು, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಭಾಗ ಮಾಡಿಕೊಂಡರು. ಯಂತ್ರ ಎರಡನ್ನೂ ಕೊರೆದು ಕೊಟ್ಟಿತು. ಇವತ್ತು ನಮ್ಮ ಎಲ್ಲ ಕಾರುಗಳ ತಳದ ಎರಡೂ ಕಡೆ ಇರುವುದು ಪಟ್ಟಾಭಿರಾಮರ ಬಲಭಾಗವೇ. ಸೊಗಸಾಗಿ ಓಡುತ್ತವೆ. ನೋಡಲು ಬರುವವರಿಗೆ ಋಷಿಕೇಶ್ ಯಂತ್ರದ ಹೆಸರು ಹೇಳುತ್ತಾನೆ. ಮೂಲೆಯ ಬೆಂಚನ್ನು ತೆಗೆದು ಅಲ್ಲಿ ಸ್ಕ್ಯಾನರಿನ ಸ್ಟ್ಯಾಂಡ್ ಇಟ್ಟಿದ್ದೇವೆ. ಬೆಂಚಿನ ಎತ್ತರ ಕೊನೆಗೂ ತಗ್ಗಿಸಲಿಲ್ಲ.

ಕೊನೆಯ ದಿನ ಅವರು ಸರಿಯಾದ ಸ್ಕೇಲನ್ನು ನನ್ನ ಕೈಗಿತ್ತರು. "ನೀನಿಟ್ಕೋ. ನಿನ್ನ ಕಣ್ಣು ಚೆನ್ನಾಗಿದೆ." ಬೇಡ ಎನ್ನಲು ಆಗಲಿಲ್ಲ, ಏಕೆ ಬೇಡ ಎಂದು ಹೇಳಬೇಕಾಗುತ್ತಿತ್ತು.

ವಿನಾಯಕನಿಗೆ ತಾವೇ ಹೇಳಬೇಕೆಂದು ಹಟ ಹಿಡಿದರು. ಮೆಟ್ರೊದಲ್ಲಿ ಊರಿನ ಆ ತುದಿಗೆ ಹೋಗಿ, ಬ್ರೂಕ್‌ಫೀಲ್ಡಿನ ಒಂಬತ್ತನೇ ಮಹಡಿಯಲ್ಲಿ ಗಂಟೆ ಒತ್ತಿದೆವು. ತಾಯಿ ಲಕ್ಷ್ಮವ್ವ ಬಾಗಿಲು ತೆಗೆದು, "ಬರ್ರಿ, ಕುಂದರ್ರಿ, ಬಿಸಿಲಾಗ ಬಂದೀರಿ" ಎಂದು ಮಜ್ಜಿಗೆ ತರಲು ಒಳಗೆ ಹೋದರು. ವಿನಾಯಕನ ಬಲಗೈಯಲ್ಲಿ ತಂತಿ, ಪಟ್ಟಿ. ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಪಟ್ಟಾಭಿರಾಮರು ಸ್ಕೇಲಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿ, "ನಿನ್ನ ತಪ್ಪೇನೂ ಇರ್ಲಿಲ್ಲಪ್ಪ, ಅದನ್ನ ಹೇಳೋಕೇ ಬಂದೆ" ಎಂದರು.

ಅವನು ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಮಡಚಲು ನೋಡಿದ. "ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು ಸಾರ್. ನನ್ನ ತಪ್ಪು ಅಂದ್ಕೊಂಡಿದ್ದೆ. ಮುಂದಿನ ಸಲ ಸರಿಯಾಗಿ ಬ್ರೇಕ್ ಹಾಕ್ತೀನಿ ಅಂತ ದಿನಾ ಕೈಗೆ ವ್ಯಾಯಾಮ ಮಾಡ್ತಿದ್ದೆ. ಈಗ ಯಾವ ಕಾರಲ್ಲಿ ಕೂತ್ರೂ ಅದರ ಕೆಳಗೆ ಏನಿದೆಯೋ ಅಂತ್ಲೇ ಅನ್ಸುತ್ತೆ. ಹಂಗೆ ಅನ್ಸಿದ್ಮೇಲೆ ಓಡ್ಸಕ್ಕಾಗಲ್ಲ" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಮಜ್ಜಿಗೆ ಬಂತು. ಪಟ್ಟಾಭಿರಾಮರು ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ. ವಿನಾಯಕ್ ಆಮೇಲೆ ಟ್ರ್ಯಾಕಿಗೆ ಬಂದಿಲ್ಲ.

ಈಗ ಪಟ್ಟಾಭಿರಾಮರು ಬೆಳಿಗ್ಗೆ ಕಟ್ಟೆಗೆ ಬರುವುದಿಲ್ಲ. ಏಳುವುದೇ ಎಂಟಕ್ಕೆ ಎಂದು ಸೀತಮ್ಮ ಹೇಳುತ್ತಾರೆ. ಹೋದ ಭಾನುವಾರ ಸೀತಮ್ಮನೇ ನನ್ನನ್ನು ಕರೆದರು. ದೇವರ ಗೂಡಿಗೆ ಒಂದು ಹಲಗೆ ಬೇಕು, ಇವರು ಎದ್ದು ಮಾಡುತ್ತಿಲ್ಲ, ನೀನು ಬಂದರೆ ಎದ್ದಾರು ಎಂದರು. ನಾನು ಆ ಸ್ಕೇಲನ್ನು ತೆಗೆದುಕೊಂಡು ಹೋದೆ. ಚುಕ್ಕೆ ಒರೆಸಿದವನು ನಾನೆಂದು ಆವತ್ತು ಹೇಳಿಯೇ ಬಿಡುವುದು ಎಂದು ನಿರ್ಧಾರವನ್ನೂ ಮಾಡಿಕೊಂಡು ಹೋಗಿದ್ದೆ.

ಪಟ್ಟಾಭಿರಾಮರು ಎದ್ದು ಬಂದರು. ಬನಿಯನ್ನಿನಲ್ಲಿದ್ದರು. ಗರಗಸ ತಂದರು, ಹಲಗೆ ಇಟ್ಟರು. ಸ್ಕೇಲನ್ನು ಅವರ ಕಡೆ ಚಾಚಿದೆ. ಅವರು ಕೈ ಮುಂದೆ ಮಾಡಲಿಲ್ಲ.

"ನೀನೇ ಅಳೆದು ಹೇಳಪ್ಪ."

"ನೀವೊಂದ್ಸಲ ನೋಡಿ ಸಾರ್..."

"ನೀನು ಹೇಳು. ನಿಂದು ತಪ್ಪಲ್ಲ."

ಗೂಡಿನ ಬಾಯಿಗೆ ಅಡ್ಡಲಾಗಿ ಸ್ಕೇಲು ಹಿಡಿದೆ. ಐವತ್ತೆಂಟು ಸೆಂಟಿಮೀಟರ್, ಮೇಲೆ ನಾಲ್ಕು ಮಿಲಿಮೀಟರ್. ಮೂರು ಸಲ ಓದಿಕೊಂಡು ಹೇಳಿದೆ. ಅವರು ಪೆನ್ಸಿಲ್ಲಿಗೆಂದು ಜೇಬಿರಬೇಕಾದ ಜಾಗವನ್ನು ತಡವಿ, ಹಾಕಿರುವುದು ಬನಿಯನ್ನು ಎಂದು ನೆನಪಾಗಿ, ನನ್ನ ಜೇಬಿನ ಪೆನ್ನಿನಲ್ಲಿ ನನ್ನ ಕೈಯಿಂದಲೇ ಹಲಗೆಯ ಮೇಲೆ ಗೆರೆ ಹಾಕಿಸಿದರು. ಆ ಗೆರೆಯ ಮೇಲೆ ಕೊಯ್ದರು. ಹಲಗೆ ಗೂಡಿನಲ್ಲಿ ಒಂದು ಕೂದಲೂ ಆಡದಂತೆ ಕೂತಿತು. "ನೋಡಿದ್ರಾ, ರುದ್ರೇಶ ಅಂದ್ರೆ ಅಚ್ಚುಕಟ್ಟು" ಎಂದು ಸೀತಮ್ಮ ಹಿಗ್ಗಿದರು. ಪಟ್ಟಾಭಿರಾಮರು ಹೌದೆಂದು ತಲೆಯಾಡಿಸಿ ಗರಗಸ ಒರೆಸಿಟ್ಟರು. ನಾನು ಹೇಳಿದ ಅಳತೆಯನ್ನು ಅವರು ಒಂದು ಸಲವೂ ತಿರುಗಿ ಅಳೆಯಲಿಲ್ಲ. ನಾನು ಹೇಳಬೇಕೆಂದು ಹೋದದ್ದನ್ನು ಹೇಳಲಿಲ್ಲ, ಕಾಫಿ ಕುಡಿದು ಮನೆಗೆ ಬಂದೆ.